ಹಾಡಿಯ ಮಗುವನ್ನು ಐದರಿಂದ ಆರನೇ ತರಗತಿಗೆ ದಾಟಿಸುವುದು ಹೇಗೆ?

ಎಚ್.ಡಿ.ಕೋಟೆ, ಹುಣಸೂರು, ಕೊಡಗಿನ ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳಲ್ಲಿ) ಮಕ್ಕಳನ್ನು ಒಂದನೇ ತರಗತಿಗೆ ಸೇರಿಸುವುದು ಅಷ್ಟು ಕಷ್ಟವಲ್ಲ. ಮಕ್ಕಳು ಕೈತಪ್ಪುವುದು ಐದು ಮುಗಿದ ಮೇಲೆ. ಎಷ್ಟೋ ಕಡೆ ಹತ್ತಿರದ ಶಾಲೆ ಅಲ್ಲಿಗೇ ನಿಲ್ಲುತ್ತದೆ, ಮುಂದಿನದು ಕಾಡಿನಾಚೆ. ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಷರಾ ಬರೆಯುವುದು ಸುಲಭ. ಅಡ್ಡ ಬರುವುದು ಹೆಚ್ಚಾಗಿ ದಾಖಲೆ, ದೂರ, ಕಾಫಿ ಕೊಯ್ಲು. ಇವನ್ನು ಜೂನ್‌ನಲ್ಲಿ ಸರಿಪಡಿಸಲು ಹೊರಟರೆ ತಡವಾಯಿತೆಂದೇ ಅರ್ಥ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಹಾಡಿಯ ಓದಿದ ಯುವಕರು ಕೂಡಿ ನವೆಂಬರ್‌ನಲ್ಲೇ ಕೈಹಾಕಬೇಕು.

ನವೆಂಬರ್: ಪಟ್ಟಿ

ಐದನೇ ತರಗತಿಯ ಪ್ರತಿ ಮಗುವಿನ ಎದುರು ಮೂರು ವಿಷಯ ಬರೆದಿಡಿ: ಮನೆಯವರು ಕೊಯ್ಲಿಗೆ ಯಾವ ತೋಟಕ್ಕೆ ಹೋಗುತ್ತಾರೆ, ಯಾವಾಗ ಮರಳುತ್ತಾರೆ, ಅಣ್ಣ ಅಕ್ಕಂದಿರು ಎಲ್ಲಿ ಓದುತ್ತಿದ್ದಾರೆ. ಚೀಟಿ ಕಳಿಸಿ ಪೋಷಕರನ್ನು ಶಾಲೆಗೆ ಕರೆಸಬೇಡಿ. ಒಂದು ದಿನದ ಕೂಲಿ ಹೋಗುತ್ತದೆ. ಸಂಜೆ ಹಾಡಿಗೇ ಹೋಗಿ, ಹಾಡಿಯ ಯಜಮಾನರ ಸಮ್ಮುಖದಲ್ಲಿ ಮಾತಾಡಿ. ಅಕ್ಕನೋ ಅಣ್ಣನೋ ಹಾಸ್ಟೆಲ್‌ನಿಂದ ಓಡಿಬಂದಿದ್ದರೆ ಏಕೆಂದು ಕೇಳಿ. ಕಿರಿಯ ಮಗುವಿನ ನಿರ್ಧಾರ ಅರ್ಧ ಅದರ ಮೇಲೆಯೇ ನಿಂತಿರುತ್ತದೆ.

ಡಿಸೆಂಬರ್‌ನಿಂದ ಫೆಬ್ರುವರಿ: ದಾಖಲೆ

ಹೆಚ್ಚು ಎಡವುವುದು ಇಲ್ಲೇ. ಮೊದಲು ಶಾಲೆಯ ದಾಖಲಾತಿ ವಹಿ ತೆಗೆದು ಜಾತಿಯ ಕಾಲಂ ನೋಡಿ. ಜೇನು ಕುರುಬರ ಮಗುವಿಗೆ ಯಾರೋ ಅವಸರದಲ್ಲಿ ‘ಕುರುಬ’ ಎಂದಷ್ಟೇ ಬರೆದಿದ್ದರೆ, ಪರಿಶಿಷ್ಟ ಪಂಗಡದ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಿಕ್ಕಿಕೊಳ್ಳುತ್ತದೆ. ಬೆಟ್ಟ ಕುರುಬರ ಹೆಸರು ಪಟ್ಟಿಯಲ್ಲಿ ಇಲ್ಲದೆ ಬಹುಕಾಲ ತೊಂದರೆಯಾಗಿತ್ತು. 2022ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಅದು ಕಾಡು ಕುರುಬದ ಪರ್ಯಾಯ ಹೆಸರಾಗಿ ಸೇರಿದೆ. ಹಿಂದೆ ತಿರಸ್ಕೃತವಾದ ಅರ್ಜಿಗಳನ್ನು ಹೊಸದಾಗಿ ಹಾಕಿಸಿ. ವಹಿಯಲ್ಲಿನ ತಪ್ಪನ್ನು ಶಾಲೆಯಲ್ಲೇ ಹೊಡೆದುಹಾಕಿ ತಿದ್ದುವಂತಿಲ್ಲ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಯಿರಿ.

ಆಮೇಲೆ ಹೆಸರು. ಆಧಾರ್, ಎಸ್‌ಎಟಿಎಸ್ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆ), ಜಾತಿ–ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ‘ಬೊಮ್ಮ’, ಇನ್ನೊಂದರಲ್ಲಿ ‘ಬೊಮ್ಮಯ್ಯ’ ಎಂದಿದ್ದರೆ ಮುಂದೆ ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದಲ್ಲಿ) ಅರ್ಜಿ ನಿಲ್ಲುತ್ತದೆ. ಯಾವ ರೂಪ ಉಳಿಯಬೇಕೆಂದು ಮನೆಯವರನ್ನು ಕೇಳಿಯೇ ತಿದ್ದಿಸಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಬಹುದು. ಅಂದಾಜಿನ ದಿನಾಂಕ ಹಾಕಿಸಿ ಆ ಒಂದು ಅವಕಾಶವನ್ನು ಕಳೆಯಬೇಡಿ. ಐದು ವರ್ಷ ತುಂಬುವ ಮೊದಲೇ ಆಧಾರ್ ಮಾಡಿಸಿದ್ದರೆ ಬೆರಳಚ್ಚು ಕೊಡಿಸಿ ನವೀಕರಿಸಿ. ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ನಡೆಯುತ್ತಿದೆಯೇ ನೋಡಿ. ತೋಟದ ಮೇಸ್ತ್ರಿಯ ಸಂಖ್ಯೆ ಕೊಟ್ಟಿದ್ದರೆ ಒಟಿಪಿ ಅವರ ಫೋನಿಗೇ ಹೋಗುತ್ತದೆ.

ಎರಡು ಖಾತೆಗಳಿದ್ದರೆ ಹಣ ಹೋಗುವುದು ಆಧಾರ್‌ಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ. ‘ಹಣ ಬಂದಿಲ್ಲ’ ಎನ್ನುವ ದೂರುಗಳಲ್ಲಿ ಕೆಲವು ಹೀಗೆ ಮರೆತುಹೋದ ಖಾತೆಯಲ್ಲಿ ಬಗೆಹರಿಯುತ್ತವೆ.

ಜನನ ಪ್ರಮಾಣಪತ್ರ ಇಲ್ಲವೆಂದು ಹೆದರಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಅಂಗನವಾಡಿ ದಾಖಲೆ ಅಥವಾ ಪೋಷಕರ ಘೋಷಣೆ ಸಾಕು.

ಇದೇ ಹೊತ್ತಿಗೆ ಓದನ್ನೂ ಪರೀಕ್ಷಿಸಿ. ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಪ್ಯಾರಾ ಓದಲಾಗದ ಮಗುವಿಗೆ ದಿನಕ್ಕೆ ನಲವತ್ತು ನಿಮಿಷ ಬೇರೆಯಾಗಿ ಓದಿಸಬೇಕು. ಓದಲು ಬಾರದೆ ಆರನೇ ತರಗತಿಯಲ್ಲಿ ಕೂತ ಮಗು ದಸರೆಯೊಳಗೆ ಮನೆಯಲ್ಲಿರುತ್ತದೆ.

ಶಾಲೆ ಆರಿಸುವಾಗ

ಮೊರಾರ್ಜಿ ದೇಸಾಯಿ ಮತ್ತು ಏಕಲವ್ಯ ವಸತಿ ಶಾಲೆಗಳೆರಡೂ ಆರನೇ ತರಗತಿಯಿಂದ ಶುರು, ಎರಡಕ್ಕೂ ಪ್ರವೇಶ ಪರೀಕ್ಷೆಯಿದೆ. ಏಕಲವ್ಯದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳಿಗೆ, ಎಂದರೆ ನಮ್ಮಲ್ಲಿ ಜೇನು ಕುರುಬ ಮತ್ತು ಕೊರಗರಿಗೆ, ಶೇ 5ರಷ್ಟು ಸೀಟುಗಳಿವೆ. ಆದರೆ ಒಂದೇ ಕಡೆ ಅರ್ಜಿ ಹಾಕಿ ಕಾಯಬೇಡಿ. ಹಾಸ್ಟೆಲ್ ಇರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದನ್ನು ಕೈಯಲ್ಲಿಟ್ಟುಕೊಳ್ಳಿ. ಒಂದೇ ಹಾಡಿಯ ಇಬ್ಬರನ್ನಾದರೂ ಒಂದೇ ಕಡೆ ಸೇರಿಸಿ. ಒಂಟಿಯಾಗಿ ಹೋದ ಮಗು ಉಳಿಯುವುದು ಅಪರೂಪ. ಏಪ್ರಿಲ್‌ನಲ್ಲೇ ಮಗುವನ್ನೂ ತಾಯಿಯನ್ನೂ ಕರೆದೊಯ್ದು ಮಲಗುವ ಜಾಗ, ಶೌಚಾಲಯ, ಅಡುಗೆಮನೆ ತೋರಿಸಿ.

ಸೇರಿದ ಮೇಲೆ

ಟಿಸಿಯನ್ನು ಹಳೆಯ ಶಾಲೆಯವರೇ ಹೊಸ ಶಾಲೆಗೆ ತಲುಪಿಸುವುದು ಒಳ್ಳೆಯದು. ಅದು ತಡವಾಯಿತೆಂದು ಪ್ರವೇಶ ತಡೆಯಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಜೇನು ಕುರುಬ ನುಡಿಯಾಡುವ ಮಗು ಮೊದಲ ವಾರಗಳಲ್ಲಿ ಬಾಯಿ ಬಿಡದಿರಬಹುದು. ದಡ್ಡತನವೆಂದು ಹಿಂದಿನ ಬೆಂಚಿಗೆ ಕಳಿಸದೆ, ಹಾಡಿಯ ಹಿರಿಯ ವಿದ್ಯಾರ್ಥಿಯ ಜತೆ ಕೂರಿಸಿ, ಅದರ ನುಡಿಯಲ್ಲೇ ಉತ್ತರಿಸಲು ಬಿಡಿ.

ದಸರಾ ರಜೆ ಮುಗಿದ ದಿನ ಹಾಡಿಯಿಂದ ಯಾರಾದರೂ ಮಕ್ಕಳನ್ನು ಬಿಟ್ಟುಬರಬೇಕು. ಇದನ್ನು ಜುಲೈನಲ್ಲೇ ಗೊತ್ತುಮಾಡಿಕೊಳ್ಳಿ. ಕೊಯ್ಲಿಗೆ ಕುಟುಂಬದೊಂದಿಗೆ ಹೋದ ಮಗುವಿನ ಹೆಸರನ್ನು ಹಾಜರಾತಿಯಿಂದ ಕಿತ್ತುಹಾಕದೆ, ತೋಟದ ಲೈನ್ ಮನೆಯ (ಕೂಲಿಯವರ ವಸತಿಯ) ಹತ್ತಿರದ ಶಾಲೆಯಲ್ಲಿ ಕೂರಿಸಲು ಆ ಶಾಲೆಯವರೊಂದಿಗೆ ಮಾತಾಡಿ. ಓದು ಬಿಟ್ಟು ವರ್ಷವಾಗಿದ್ದರೂ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. 14 ದಾಟಿದರೂ ಎಂಟನೆಯದು ಮುಗಿಯುವ ತನಕ ಉಚಿತ.

ಶಾಲೆ ಸೇರಿಸಿಕೊಳ್ಳದಿದ್ದರೆ ಬಾಯಿಮಾತಿನಲ್ಲಿ ಬಿಡಬೇಡಿ. ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿಯನ್ನು ಬಿಇಒಗೆ, ಮತ್ತೊಂದನ್ನು ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಗೆ ಕೊಡಿ. ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಅದೇ ಸ್ವೀಕೃತಿಯ ಪ್ರತಿ ಲಗತ್ತಿಸಿ ದೂರು ಕಳಿಸಿ.