ಜೇಡ್ ಕೆತ್ತನೆ: ಕಲ್ಲಿನ ಬಣ್ಣವನ್ನು ಬಳಸಿಕೊಳ್ಳುವ ಬಗೆ

ಚೀನಾದ ಕುಶಲಕರ್ಮಿಗಳ ರೀತಿಯಲ್ಲಿ ಜೇಡ್ ಎಂಬ ಗಟ್ಟಿಯಾದ ಅಲಂಕಾರಿಕ ಕಲ್ಲನ್ನು ಕೆತ್ತಲು ಹೊರಟವರು ಮೊದಲು ಉಳಿ-ಸುತ್ತಿಗೆಗಳನ್ನು ಪಕ್ಕಕ್ಕಿಡಬೇಕು. ಜೇಡ್‌ನ ಎರಡು ಬಗೆಗಳಲ್ಲಿ ಒಂದಾದ ನೆಫ್ರೈಟ್‌ನ ಗಡಸುತನ ಮೋಸ್ ಮಾಪಕದಲ್ಲಿ (ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮಾಪಕ) 6ರಿಂದ 6.5, ಅದರೊಳಗಿನ ನಾರಿನಂತಹ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಕಲ್ಲನ್ನು ಕಡಿಯುವುದಲ್ಲ, ಸವೆಸಬೇಕು. ಹಿಂದೆ ಕಾಲಿನಿಂದ ತುಳಿದು ತಿರುಗಿಸುವ ಚಕ್ರಕ್ಕೆ ಒದ್ದೆ ಮರಳನ್ನು ಹಾಕಿ ಸವೆಸುತ್ತಿದ್ದರು. ಈಗ ವಜ್ರದ ಪುಡಿ ಕೂರಿಸಿದ ವಿದ್ಯುತ್ ಚಕ್ರಗಳಿವೆ. ಮುಖಗವಸು ಧರಿಸಿ, ನೀರು ಹನಿಸುತ್ತಲೇ ಕೆಲಸ ಮಾಡಿ, ಏಕೆಂದರೆ ಕಲ್ಲಿನ ಒಣ ಧೂಳು ಶ್ವಾಸಕೋಶಕ್ಕೆ ಹಾನಿಕರ.

ಚಕ್ರ ಮುಟ್ಟುವ ಮೊದಲು ಕಲ್ಲನ್ನು ಒದ್ದೆ ಮಾಡಿ, ಬೆಳಕಿಗೆ ಹಿಡಿದು, ಬಣ್ಣ ಎಲ್ಲಿ ತಿರುಗುತ್ತದೆ, ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ನೋಡಿ. ನನ್ನ ದೃಷ್ಟಿಯಲ್ಲಿ ಕಲೆಯ ಅರ್ಧ ಭಾಗ ಇಲ್ಲೇ ಇದೆ. ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ ಜೇಡೈಟ್ (ಜೇಡ್‌ನ ಇನ್ನೊಂದು ಬಗೆ) ಕಲ್ಲಿನಲ್ಲಿ ಕೆತ್ತಿದ ಎಲೆಕೋಸನ್ನು ಗಮನಿಸಿ: ಕಲ್ಲಿನ ಬಿಳಿ ಭಾಗ ದಂಟಾಗಿದೆ, ಹಸಿರು ಭಾಗ ಸುರುಳಿಗೊಂಡ ಎಲೆಯಾಗಿದೆ, ಆ ಹಸಿರಿನಲ್ಲೇ ಎರಡು ಕೀಟಗಳು ಕುಳಿತಿವೆ.

ಆಮೇಲೆ ಮಾದರಿ ತಯಾರಿಸಿ. ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿಗಾಗಿ ಯಾಂಗ್‌ಝೌ ನಗರದ ಕೆತ್ತನೆಗಾರರು 1787ರಲ್ಲಿ ಮುಗಿಸಿದ, 224 ಸೆಂಟಿಮೀಟರ್ ಎತ್ತರದ, ಪರ್ವತದ ಆಕಾರದ ಜೇಡ್ ಕೆತ್ತನೆಗೆ ಮೊದಲು ಮೇಣದ ಮಾದರಿ ಮಾಡಲಾಗಿತ್ತು. ದಕ್ಷಿಣದ ಸೆಕೆಗೆ ಅದು ಕರಗೀತೆಂದು ಮರದಲ್ಲಿ ಇನ್ನೊಂದನ್ನು ಮಾಡಿದರು.

ನಂತರ ಶಾಯಿಯಿಂದ ಗೆರೆ ಎಳೆದು, ದೊಡ್ಡ ಆಕಾರವನ್ನು ಮೊದಲು ಬಿಡಿಸಿ, ಸೂಕ್ಷ್ಮ ಗೆರೆಗಳನ್ನು ಕೊನೆಗೆ ಉಳಿಸಿಕೊಳ್ಳಿ. ಹೊಳಪು ಕೊಡುವಾಗ ಒರಟು ಪುಡಿಯಿಂದ ನಯವಾದ ಪುಡಿಗೆ ಸಾಗುತ್ತಾ, ಪ್ರತಿ ಹಂತದಲ್ಲೂ ಹಿಂದಿನ ಗೀರುಗಳು ಪೂರ್ತಿ ಅಳಿದಿವೆಯೇ ಎಂದು ಬೆರಳಾಡಿಸಿ ನೋಡಿ.