1971ರ ಬ್ಲ್ಯಾಕೌಟಿನಲ್ಲಿ ಖೋಲಿಯೊಳಗೆ ಓದಿದ ಬಗೆ

1971ರ ಡಿಸೆಂಬರ್ 3, ಶುಕ್ರವಾರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. ಯುದ್ಧ ಶುರುವಾಯಿತು, ವಿಮಾನಗಳಿಗೆ ಊರು ಕಾಣದಂತೆ ದೀಪ ಮರೆಮಾಡುವ ಬ್ಲ್ಯಾಕೌಟಿನಿಂದ ಮುಂಬಯಿಯ ರಾತ್ರಿಗಳಿಗೆ ಕತ್ತಲೆ ಕವಿಯಿತು. ನಮ್ಮದು ಸಣ್ಣ ಕಾಮರ್ಸ್ ಕಾಲೇಜು, ತರಗತಿ ಬೆಳಿಗ್ಗೆ ಏಳಕ್ಕೆ. ಹಗಲೆಲ್ಲ ಹೋಟೆಲಿನ ಗಲ್ಲೆ ಇಲ್ಲವೆ ಆಫೀಸಿನ ಟೈಪಿಂಗು. ನೆಮ್ಮದಿಯಾಗಿ ಓದಲು ಸಿಗುವುದು ರಾತ್ರಿ ಮಾತ್ರ. ಮಾಟುಂಗದ ಚಾಳಿನ, ಅಂದರೆ ಸಾಲು ಕೋಣೆಗಳ ಕಟ್ಟಡದ, ಒಂದು ಖೋಲಿಯಲ್ಲಿ ಎಂಟು ಜನ ಊರಿನ ಹುಡುಗರು. ಒಂದು ಕಿಟಕಿ, ಗ್ಯಾಲರಿಗೆ ತೆರೆಯುವ ಒಂದು ಬಾಗಿಲು, ಬಾಗಿಲ ಮೇಲೆ ಒಂದು ಗವಾಕ್ಷಿ.

ದೀಪ ಆರಿಸಿ ಮಲಗಿದವರ ಓದು ಅಲ್ಲಿಗೇ ನಿಂತಿತು. ಬೆಳಕು ಹೊರಗೆ ಕಾಣಬಾರದು ಎಂಬುದಷ್ಟೇ ನಿಯಮ, ಒಳಗೆ ಉರಿಸಲು ಅಡ್ಡಿಯಿರಲಿಲ್ಲ. ಬೆಳಕು ತಡೆಯುವುದು ಒಂದು ಸಂಜೆಯ ಕೆಲಸ. ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೇ ನಾವು ತಲೆ ಕೆಡಿಸಿಕೊಂಡದ್ದು.

ಮೊದಲು ಅಂಟು. ನೂರು ಗ್ರಾಂ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು ಅರ್ಧ ಲೀಟರ್ ಮಾಡಿ, ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳೆಯುವ ತನಕ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಇಳಿಸಿದ ಮೇಲೆ ಕಡಲೆಕಾಳಿನಷ್ಟು ಮೈಲುತುತ್ತ. ಅದಿಲ್ಲದಿದ್ದರೆ ಜಿರಳೆಗಳು ಎರಡೇ ರಾತ್ರಿಯಲ್ಲಿ ಕಾಗದದ ಅಂಚು ತಿಂದುಬಿಡುತ್ತವೆ. ಮೈಲುತುತ್ತ ವಿಷ, ಅಲ್ಯೂಮಿನಿಯಂ ಪಾತ್ರೆಯನ್ನೂ ತಿನ್ನುತ್ತದೆ. ಆದ್ದರಿಂದ ಅಂಟನ್ನು ಮಣ್ಣಿನ ಕುಡಿಕೆಗೆ ಸುರಿದುಕೊಂಡು ಆಮೇಲೆ ಬೆರೆಸಬೇಕು, ಕುಡಿಕೆಯನ್ನು ಅಡಿಗೆಯ ಕಡೆ ತರಬಾರದು.

ಗಾಜಿಗೆ ಒಳಗಿನಿಂದ ಎರಡು ಬೆರಳಗಲದ ಹಳೆ ಪಂಚೆಯ ಪಟ್ಟಿಗಳನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಂಟಿಸಿದೆವು. ಸ್ಫೋಟಕ್ಕೆ ಗಾಜು ಒಡೆದರೂ ಚೂರು ಹಾರದೆ ಪಟ್ಟಿಗೆ ಅಂಟಿಕೊಂಡಿರಲಿ ಎಂದು. ಬೆಳಕು ತಡೆಯಲು ಮಾತ್ರ ಗಾಜಿಗೆ ಕಪ್ಪು ಕಾಗದ ಮೆತ್ತಬಾರದು. ಪಕ್ಕದ ಖೋಲಿಯವರು ಹಾಗೆ ಮೆತ್ತಿ ಹಗಲಲ್ಲೂ ಬಲ್ಬು ಉರಿಸಬೇಕಾಯಿತು. ಹೋಟೆಲಿಗೆ ಸಾಮಾನು ಬರುವ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಕಿಟಕಿಯ ಚೌಕಟ್ಟಿಗಿಂತ ಸುತ್ತಲೂ ಎರಡಂಗುಲ ದೊಡ್ಡದಾಗಿ ಕತ್ತರಿಸಿ, ಮೊಳೆಗೆ ಹುರಿಯಿಂದ ಸಿಕ್ಕಿಸಿದರೆ ಸಾಕು. ಸಂಜೆ ಏರಿಸು, ಬೆಳಿಗ್ಗೆ ಇಳಿಸು. ರಟ್ಟಿನ ಕೂಡುಗಳ ಮೇಲೆ ಒಂದಂಗುಲ ಕಾಗದ ಮೇಲೇರುವಂತೆ ಅಂಟಿಸಬೇಕು. ಒದ್ದೆ ಕಾಗದ ಒಣಗುವಾಗ ಕುಗ್ಗುತ್ತದೆ, ಅಂಚಿಗೆ ಅಂಚು ಇಟ್ಟರೆ ಸೀಳು ಬಿಡುತ್ತದೆ.

ಬಾಗಿಲಿಗೆ ಒಳಗಡೆ ಎರಡು ಮೊಳ ಬಿಟ್ಟು ದಪ್ಪ ಕಂಬಳಿ ಇಳಿಬಿಟ್ಟೆವು. ಬರುವವನು ಬಾಗಿಲು ಮುಚ್ಚಿದ ಮೇಲೆಯೇ ಕಂಬಳಿ ಸರಿಸಬೇಕು. ಅದರ ಅಂಚು ನೆಲಕ್ಕೆ ನಾಲ್ಕಂಗುಲ ಮಡಚಿ ಬಿದ್ದಿರಲಿ. ಮೊದಲ ರಾತ್ರಿ ಬೆಳಕು ಸೋರಿದ್ದು ಹೊಸ್ತಿಲ ಸಂದಿನಿಂದಲೇ.

ಇನ್ನು ಗವಾಕ್ಷಿ. ಅದನ್ನು ಮುಚ್ಚಿದರೆ ಎಂಟು ಉಸಿರು ಸೇರಿ ಅರ್ಧ ಗಂಟೆಯಲ್ಲಿ ತಲೆ ಭಾರ, ಒಂದು ಗಂಟೆಯಲ್ಲಿ ಎಲ್ಲರಿಗೂ ತೂಕಡಿಕೆ. ಗವಾಕ್ಷಿಯನ್ನು ತೆರೆದೇ ಇಟ್ಟು, ಅದರ ಮುಂದೆ ಎರಡು ರಟ್ಟುಗಳನ್ನು ಒಂದರ ಹಿಂದೆ ಒಂದು, ನಡುವೆ ನಾಲ್ಕಂಗುಲ ಬಿಟ್ಟು ನಿಲ್ಲಿಸಿದೆವು. ಮುಂದಿನದಕ್ಕೆ ಮೇಲುಗಡೆ ಸಂದು, ಹಿಂದಿನದಕ್ಕೆ ಕೆಳಗಡೆ. ನಡುವೆ ಆರಂಗುಲವಾದರೂ ಒಂದನ್ನೊಂದು ಮರೆಮಾಡಬೇಕು. ಗಾಳಿ ಬಳಸಿಕೊಂಡು ಹೋಗುತ್ತದೆ, ಬೆಳಕು ನೇರ ಹೋಗಲಾರದು. ಆದರೂ ಮೊದಲ ಸಲ ಹೊರಗೆ ಮಂಕಾಗಿ ಬೆಳಕು ಕಂಡಿತು. ರಟ್ಟಿನ ಒಳಮೈ ತಿಳಿ ಬಣ್ಣದ್ದು, ಬೆಳಕು ಅದಕ್ಕೆ ಬಡಿದು ಪುಟಿಯುತ್ತಿತ್ತು. ಚಿಮಣಿ ದೀಪದ ಮಸಿಯನ್ನು ಅದೇ ಅಂಟಿನಲ್ಲಿ ಕಲಸಿ ಎರಡು ರಟ್ಟಿನ ಒಳಮೈಗೂ ಬಳಿದ ಮೇಲೆ ನಿಂತಿತು.

ಪರೀಕ್ಷಿಸಲು ಒಬ್ಬ ಹೊರಗೆ ಹೋಗಿ ಹತ್ತು ನಿಮಿಷ ಕತ್ತಲಲ್ಲಿ ಸುಮ್ಮನೆ ನಿಲ್ಲಬೇಕು. ಕಣ್ಣು ಪಳಗದೆ ಸಣ್ಣ ಸೋರು ಕಾಣುವುದಿಲ್ಲ. ಬೀದಿಯಿಂದ ನೋಡಿದರೆ ಸಾಲದು, ಎದುರು ಚಾಳಿನ ಗಚ್ಚಿಯಿಂದಲೂ ನೋಡಬೇಕು. ವಿಮಾನ ನೋಡುವುದು ಮೇಲಿನಿಂದ ತಾನೆ.

ದೀಪಕ್ಕೆ 15 ವ್ಯಾಟಿನ ಬಲ್ಬು, ಮರೆಗೆ ಎರಡು ಕಿಲೋದ ಖಾಲಿ ಡಾಲ್ಡಾ ಡಬ್ಬಿ. ಡಬ್ಬಿಯನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆಯದಿದ್ದರೆ ಜಿಡ್ಡು ಕಾದು ಕಮಟು ವಾಸನೆ. ತಳದಲ್ಲಿ ಹೋಲ್ಡರ್ ಹಿಡಿಯುವಷ್ಟು ತೂತು. ಹೋಲ್ಡರ್ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದೇ ಆಗಲಿ. ಹಳೆ ಹಿತ್ತಾಳೆ ಹೋಲ್ಡರಿನಲ್ಲಿ ಕರೆಂಟು ಸೋರಿದರೆ ಇಡೀ ಡಬ್ಬಿ ಶಾಕ್ ಹೊಡೆಯುತ್ತದೆ. ಡಬ್ಬಿಯ ಭಾರ ವೈರಿನ ಮೇಲೆ ಬೀಳದಂತೆ ಬೇರೆ ಹುರಿಯಲ್ಲಿ ಕಟ್ಟಿ, ಚಾಪೆಯಿಂದ ಒಂದೂವರೆ ಅಡಿ ಎತ್ತರಕ್ಕೆ ಇಳಿಬಿಟ್ಟರೆ ಎರಡು ಅಡಿ ಅಗಲದ ಬೆಳಕಿನ ಬಿಲ್ಲೆ. ಅದರಲ್ಲಿ ಮೂರು ಪುಸ್ತಕ ಹಿಡಿಯುತ್ತವೆ. ಕೆಲವರು ಬಲ್ಬಿಗೆ ನೀಲಿ ಕಾಗದ ಸುತ್ತಿದರು. ಆ ಬೆಳಕಿನಲ್ಲಿ ಲೆಡ್ಜರಿನ ಕೆಂಪು ಗೆರೆಯೂ ಕಪ್ಪಾಗಿ ಕಂಡು ಮೊತ್ತ ಯಾವುದು ಗೆರೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಕಾಗದ ಬಲ್ಬಿಗೆ ತಗುಲಿ ಕರಕಲಾಗುವುದು ಬೇರೆ.

ಮೂರೇ ಪುಸ್ತಕಕ್ಕೆ ಬೆಳಕು ಸಿಗುತ್ತಿದ್ದುದರಿಂದ ಅಕೌಂಟೆನ್ಸಿಯ ಲೆಕ್ಕಗಳನ್ನು ಹಗಲಿನ ಬಿಡುವಿಗೇ ಇಟ್ಟು, ಥಿಯರಿಯನ್ನು ರಾತ್ರಿಗೆ ಹಾಕಿದೆವು. ಒಬ್ಬ ಓದಬೇಕು, ಉಳಿದವರು ಗೋಡೆಗೊರಗಿ ಕೇಳಬೇಕು. ಮುಕ್ಕಾಲು ಗಂಟೆಗೊಮ್ಮೆ ಬಲ್ಬು ಆರಿಸಿ, ಕಿಟಕಿ ಬಾಗಿಲು ತೆಗೆದು ಹತ್ತು ನಿಮಿಷ ಗಾಳಿ. ಆ ಕತ್ತಲಲ್ಲಿ ಸರದಿಯಂತೆ ಕೇಳಿದ್ದನ್ನು ಬಾಯಿಯಲ್ಲೇ ಒಪ್ಪಿಸುವುದು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ, ಅಂದರೆ ಚೆಕ್ಕು ಹುಂಡಿಗಳ ಕಾನೂನಿನ, ಕಲಮುಗಳು ಅಷ್ಟು ಗಟ್ಟಿಯಾಗಿ ತಲೆಗೆ ಕೂತದ್ದು ಆ ಹತ್ತು ನಿಮಿಷಗಳಲ್ಲಿ. ಚೀಟಿ ನೋಡುವಂತಿಲ್ಲವಲ್ಲ, ತಪ್ಪಿದರೆ ಪಕ್ಕದವನು "ಇಲ್ಲ ಮಾರಾಯ, ಹೋಲ್ಡರ್ ಇನ್ ಡ್ಯೂ ಕೋರ್ಸ್ ಬೇರೆ" ಎಂದು ಅಲ್ಲೇ ತಿದ್ದುತ್ತಿದ್ದ.

ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಸ್ಟೋವಿನ ಉರಿಯೂ ಬೆಳಕೇ, ಆದ್ದರಿಂದ ಊಟ ಐದೂವರೆಗೆ. ಹತ್ತರ ಹಸಿವಿಗೆ ಅವಲಕ್ಕಿ, ಬೆಲ್ಲ.

ಸೈರನ್ ಏರಿಳಿದು ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಮುಗಿಯಿತು ಎಂದು. ಏರಿಳಿಯುವಾಗ ಬಲ್ಬು ಆರಿಸಿ ಕಿಟಕಿಯಿಂದ ದೂರ, ಮೆಟ್ಟಿಲಿನ ಅಡಿ. ಗಚ್ಚಿಗೆ ಓಡಲೇಬಾರದು: ನಮ್ಮ ವಿಮಾನ ನಿರೋಧಕ ತೋಪುಗಳ ಗುಂಡು ಮೇಲೆ ಸಿಡಿದ ಮೇಲೆ ಅದರ ಕಬ್ಬಿಣದ ಚೂರು ಕೆಳಗೇ ಬೀಳಬೇಕು.

ಡಿಸೆಂಬರ್ 2 ಹುಣ್ಣಿಮೆಯಾಗಿತ್ತು. ಮೊದಲ ನಾಲ್ಕೈದು ರಾತ್ರಿ ತಿಂಗಳ ಬೆಳಕು ಕೈ ಹಿಡಿಯಿತು. ಬೆಳಿಗ್ಗೆ ಆರಕ್ಕೆ ಕಾಲೇಜಿಗೆ ಹೊರಟಾಗಲೂ ಚಂದ್ರ ಆಕಾಶದಲ್ಲಿರುತ್ತಿದ್ದ, ದಿನದಿನಕ್ಕೂ ತೆಳ್ಳಗಾಗುತ್ತ. ಎರಡನೆಯ ವಾರ ಸಂಜೆಗಳೆಲ್ಲ ಗಾಢ ಕತ್ತಲೆ. ಆಗ ಚಾಳಿನ ಮೆಟ್ಟಿಲುಗಳ ಮೊದಲ ಮತ್ತು ಕೊನೆಯ ಅಂಚಿಗೆ ಸುಣ್ಣ ಬಳಿದೆವು. ಬೀಳುವುದು ಆ ಎರಡು ಕಡೆಯೇ. 17ರಂದು ಕದನ ನಿಂತ ದಿನ ಅಮಾವಾಸ್ಯೆ.

ಗಾಜಿನ ಪಟ್ಟಿಗಳಿಗೆ ಬಿಸಿನೀರಿನ ಬಟ್ಟೆ ಕಾಲು ಗಂಟೆ ಅದುಮಿ ಹಿಡಿದರೆ ತಾವಾಗಿ ಬಿಡುತ್ತವೆ. ಒಣಗಿದ್ದನ್ನು ಚಾಕುವಿನಿಂದ ಕೆರೆದರೆ ಗಾಜಿಗೆ ಗೀರು. ರಟ್ಟುಗಳು ರದ್ದಿಗೆ ಹೋದವು. ಡಾಲ್ಡಾ ಡಬ್ಬಿಯನ್ನು ಮಾತ್ರ ಮಾರ್ಚಿನ ಪರೀಕ್ಷೆ ಮುಗಿಯುವ ತನಕ ಇಳಿಸಲಿಲ್ಲ. ಬೆಳಗಿನ ಜಾವ ಹೋಟೆಲು ತೆರೆಯಬೇಕಾದ ಹುಡುಗರು ಅದರ ಆಚೆ ಕತ್ತಲಲ್ಲಿ ನಿದ್ದೆ ಮಾಡುತ್ತಿದ್ದರು.