ಕ್ಯಾಮೆರಾಗೆ ರೂಟರ್ ಕೊಳ್ಳುವ ಮೊದಲು ಅಪ್‌ಲೋಡ್ ನೋಡಿ
ಮನೆ ಕಾಯುವ ವೈಫೈ ಕ್ಯಾಮೆರಾಗೆಂದು ಹೊಸ ರೂಟರ್ ತರುವ ಮೊದಲು, ಕ್ಯಾಮೆರಾ ಕೂರಿಸುವ ಜಾಗದಲ್ಲೇ ಫೋನ್ ಎತ್ತಿ ಹಿಡಿದು, ಬಾಗಿಲು ಮುಚ್ಚಿ, 2.4 ಗಿಗಾಹರ್ಟ್ಸ್ ವೈಫೈನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ನೋಡಬೇಕಾದ್ದು ಅಪ್‌ಲೋಡ್. ಕ್ಯಾಮೆರಾ ವಿಡಿಯೋ ಕಳಿಸುತ್ತದೆ, ತರಿಸಿಕೊಳ್ಳುವುದಿಲ್ಲ ಅಲ್ವಾ? 1080ಪಿ ಕ್ಯಾಮೆರಾ ಒಂದಕ್ಕೆ ಸುಮಾರು 2ರಿಂದ 4 ಎಂಬಿಪಿಎಸ್ ಬೇಕು. ಅದರ ಎರಡರಷ್ಟು ಬಂದರೆ ಹಳೇ ರೂಟರೇ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. 2.4 ಯಾಕೆ ಅಂದ್ರೆ, ಅದು ವೈಫೈನ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ಗೋಡೆ ದಾಟುತ್ತದೆ. ಎಷ್ಟೋ ಕ್ಯಾಮೆರಾಗಳು 5 ಹಿಡಿಯುವುದೇ ಇಲ್ಲ. ರೂಟರ್ ಪಕ್ಕದಲ್ಲೂ ಅಪ್‌ಲೋಡ್ ಕಮ್ಮಿ ಬಂದರೆ ತೊಂದರೆ ಹೆಚ್ಚಾಗಿ ಇಂಟರ್ನೆಟ್ ಪ್ಲ್ಯಾನಿನದು, ಎಂಥ ರೂಟರ್ ತಂದರೂ ಅಷ್ಟೇ. ಅಕ್ಕಪಕ್ಕದ ವೈಫೈಗಳು ಜಾಸ್ತಿ ಇದ್ದರೆ ಮಧ್ಯಾಹ್ನದ ಟೆಸ್ಟ್ ನಂಬಬೇಡಿ, ರಾತ್ರಿ ಇನ್ನೊಮ್ಮೆ ನೋಡಿ. ನಡುವೆ ಕಾಂಕ್ರೀಟ್ ಗೋಡೆಯೋ ಕಬ್ಬಿಣದ ಬಾಗಿಲೋ ಇದ್ದರೆ ಕೇಬಲ್ ಎಳೆಯುವುದೇ ವಾಸಿ.